ಹಳದಿಯ ಜಾಗ ಖಾಲಿ ಇರುವುದಿಲ್ಲ

ಆ ಹೋಟೆಲಿನ ನೆಲಮಾಳಿಗೆಗೆ ಮೇಲಿನವರಾರೂ ಇಳಿಯುತ್ತಿರಲಿಲ್ಲ. ಅವರು ಮಲಗಿದ ಹಾಸು, ಮೈ ಒರೆಸಿಕೊಂಡ ಟವೆಲು, ಅವರ ಚಹಾದ ಕಲೆ, ತುಟಿಬಣ್ಣದ ಕಲೆ, ಹೇಳಿಕೊಳ್ಳಲಾಗದ ಕಲೆ, ಇಷ್ಟೇ ಒಂದು ತಗಡಿನ ಕೊಳವೆಯೊಳಗೆ ಜಾರಿ ಕೆಳಗೆ ಬೀಳುತ್ತಿದ್ದವು. ಅವನ್ನು ಆಯ್ದು, ಒಗೆದು, ಒತ್ತಿ, ಮಡಚಿ, ಏನೂ ನಡೆದೇ ಇಲ್ಲವೆಂಬಂತೆ ಮೇಲಕ್ಕೆ ಕಳಿಸುವವರು ಕೆಳಗಿದ್ದರು. ಅವರಲ್ಲೊಬ್ಬಳು ಇಸ್ತ್ರಿಯಕ್ಕ.

ಅವಳ ಮುಂದಿದ್ದದ್ದು ಕೈಯಿಸ್ತ್ರಿಯಲ್ಲ, ಮಂಚದಷ್ಟು ಅಗಲದ ಕಾದ ಉರುಳೆ. ಈ ಕಡೆಯಿಂದ ಒದ್ದೆ ಹಾಸು ಕೊಟ್ಟರೆ ಆ ಕಡೆ ಗರಿಗರಿಯಾಗಿ ಬರುತ್ತದೆ. ಬಟ್ಟೆಯನ್ನು ಉರುಳೆಯ ಬಾಯಿಗೆ ಕೊಡುವಾಗ ಬೆರಳನ್ನು ಯಾವಾಗ ಬಿಡಬೇಕು ಎಂಬುದೇ ಆ ಕಸುಬಿನ ವಿದ್ಯೆ. ತಡವಾಗಿ ಬಿಟ್ಟವರಿಗೆ ಕೈಮೇಲೆ ಗುರುತು ಉಳಿಯುತ್ತದೆ. ಇಸ್ತ್ರಿಯಕ್ಕನ ಕೈಮೇಲೂ ಒಂದಿತ್ತು, ತಾಯಿ ತೀರಿಕೊಂಡ ವಾರದ್ದು. ಆಗ ತಂಗಿಗೆ ಇನ್ನೂ ಜಡೆ ಹೆಣೆಯಲು ಬರುತ್ತಿರಲಿಲ್ಲ. ಅಪ್ಪ ದೊಡ್ಡ ಕಚೇರಿಯೊಂದರ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವವನು. ಜೀವಮಾನವಿಡೀ ಬೇರೆಯವರನ್ನು ಮೇಲೆ ಬಿಟ್ಟು ತಾನು ಕೆಳಗೆ ಬಂದವನು. ಮನೆಯ ಭಾರ ದೊಡ್ಡ ಮಗಳ ಹೆಗಲಿಗೆ ಬಿತ್ತು. ಬಿದ್ದದ್ದು ಅಲ್ಲೇ ಉಳಿಯಿತು. ಮದುವೆಯ ಮಾತು ಬಂದಾಗಲೆಲ್ಲ ಅವಳು, "ಮೊದಲು ಮಿಡತೆ ಒಂದು ದಡ ಸೇರಲಿ" ಎನ್ನುತ್ತಿದ್ದಳು. ಮಿಡತೆ ಎಂದರೆ ತಂಗಿ. ಕೂತಲ್ಲಿ ಕೂರದ ಹುಡುಗಿಗೆ ಅಪ್ಪ ಇಟ್ಟ ಹೆಸರು.

ಜಪಾನಿ ಭಾಷೆ ಈ ಮನೆಗೆ ಬಂದದ್ದು ಅದೇ ಕೊಳವೆಯ ದಾರಿಯಿಂದ.

ಜಪಾನಿನ ಹಾಡುಗಾರ್ತಿಯರ ಗುಂಪೊಂದು ಕಾರ್ಯಕ್ರಮಕ್ಕೆಂದು ಬಂದು ಆ ಹೋಟೆಲಿನಲ್ಲಿ ಇಳಿದುಕೊಂಡಿತ್ತು. ಆ ಹುಡುಗಿಯರ ಉಡುಪುಗಳು ಕೆಳಗೆ ಬಂದವು. ಒಬ್ಬೊಬ್ಬಳಿಗೆ ಒಂದೊಂದು ಬಣ್ಣ. ಅಭಿಮಾನಿಗಳು ಅದೇ ಬಣ್ಣದ ದೀಪದ ಕಡ್ಡಿ ಹಿಡಿದು ಕೂಗುತ್ತಾರಂತೆ. ಉಡುಪಿನ ಜೊತೆ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ ಒಬ್ಬ ಜಪಾನಿ ಹೆಂಗಸೂ ಇಳಿದುಬಂದಳು. ಹರಿದ ಹೊಲಿಗೆ ಹಾಕುತ್ತಾ ತನ್ನ ಫೋನಿನಲ್ಲಿ ಆ ಗುಂಪಿನ ಹಾಡು ಹಚ್ಚಿದಳು. ಇಸ್ತ್ರಿಯಕ್ಕನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಆದರೆ ಉರುಳೆಯ ಗತಿಗೂ ಆ ಹಾಡಿನ ಗತಿಗೂ ಹೊಂದಿಕೆಯಾಗಿ, ಅವತ್ತು ಹಾಸುಗಳು ತಾವಾಗಿ ಓಡಿದಂತಾಯಿತು.

ಹಳದಿ ಫ್ರಾಕನ್ನು ಒಳಮೈ ಮಾಡಿದಾಗ ಅಸ್ತರಿಗೆ ಹೊಲಿದ ಹೆಸರಿನ ಪಟ್ಟಿ ಕಂಡಿತು. ಅದರಡಿಯಿಂದ ಇನ್ನೊಂದು ಪಟ್ಟಿಯ ಅಂಚು ಇಣುಕುತ್ತಿತ್ತು, ಅದರಡಿಯಲ್ಲಿ ಮತ್ತೂ ಒಂದು. ಇಸ್ತ್ರಿಯಕ್ಕ ಬೆರಳಿಟ್ಟು ತೋರಿಸಿದಳು. ಟೇಪಿನ ಹೆಂಗಸು ನಕ್ಕು, ಯಾರನ್ನೋ ಬಸ್ಸು ಹತ್ತಿಸುವವಳ ಹಾಗೆ ಗಾಳಿಯಲ್ಲಿ ಕೈ ಬೀಸಿದಳು. ಆ ಗುಂಪಿನಲ್ಲಿ ಹುಡುಗಿಯರು ಬರುತ್ತಾರೆ, ವಯಸ್ಸು ದಾಟಿದ ಮೇಲೆ 'ಪದವಿ ಪಡೆದು' ಹೊರಡುತ್ತಾರೆ, ಬಣ್ಣ ಮುಂದಿನವಳಿಗೆ ಸೇರುತ್ತದೆ ಎಂಬುದು ಇಸ್ತ್ರಿಯಕ್ಕನಿಗೆ ಆಮೇಲೆ ಗೊತ್ತಾಯಿತು. ಅಲ್ಲಿ ಅದು ಎಲ್ಲರಿಗೂ ತಿಳಿದ ಸಂಪ್ರದಾಯ. ಹೊರಟವಳು ಅತ್ತು, ನಕ್ಕು, ಮನೆ ಸೇರುತ್ತಾಳೆ.

ಆಮೇಲೆ ಕಿವಿಗೆ ಇಯರ್‌ಫೋನು ಬಂತು. ಹಾಡಿನ ಸಾಲು, ಅದರ ಅರ್ಥ, ಅದರೊಳಗಿನ ಕ್ರಿಯಾಪದ. ಜಪಾನಿಯಲ್ಲಿ ಕ್ರಿಯಾಪದದ ಬಾಲ ತಿರುಚಿದರೆ ಅರ್ಥ ತಿರುಗುತ್ತದೆ. 'ನೋಮು' ಎಂದರೆ ಕುಡಿ. ಅದನ್ನು ಮುಂದಿನ ಮಾತಿಗೆ ಜೋಡಿಸುವಾಗ 'ನೊಂದೆ' ಆಗುತ್ತದೆ. 'ಮತ್ಸು' ಎಂದರೆ ಕಾಯು, ಅದು 'ಮತ್ತೆ' ಆಗುತ್ತದೆ. ಹಾಸು ಕೊಡುವಾಗ ಮೊದಲ ರೂಪ, ಹಾಸು ಹೊರಬರುವಾಗ ಎರಡನೆಯದು. ಹೀಗೆ ಅವಳು ಪಾಠವನ್ನು ಉರುಳೆಗೆ ಕಟ್ಟಿಹಾಕಿದಳು.

ಒಗೆಯುವ ಯಂತ್ರದ ಹತ್ತಿರವಿದ್ದ ಮಾಮ ಕಿವಿಗೊಟ್ಟು ಕೇಳಿ ಹೇಳಿದ, "ಕುಡಿದೋನು 'ನೊಂದೆ' ಅಂತಾನೆ, ಕಾಯೋನು 'ಮತ್ತೆ?' ಅಂತಾನೆ. ಇದ್ಯಾವ ಜಪಾನಿ ಕಣಮ್ಮ, ನಮ್ಮ ಮನೆ ಭಾಷೆನೇ ಅಲ್ವಾ."

"ಮಾಮ, ಸೋಪು ಜಾಸ್ತಿ ಆಯ್ತು ನೋಡಿ."

"ನನಗೆ ಸೋಪು ಜಾಸ್ತಿ, ನಿನಗೆ ಹುಚ್ಚು ಜಾಸ್ತಿ."

ಹುಚ್ಚು ಹೌದು. ಆದರೆ ಅದು ಅವಳ ಬದುಕಿನಲ್ಲಿ ಬೇರೆ ಯಾರಿಗೂ ಮಡಚಿ ಕೊಡಬೇಕಿಲ್ಲದ ಒಂದೇ ವಸ್ತು. ಬಡವರು ಏನನ್ನಾದರೂ ಸುಮ್ಮನೆ ಇಷ್ಟಪಟ್ಟರೆ ನಮ್ಮ ಲೋಕಕ್ಕೆ ತಡೆದುಕೊಳ್ಳಲಾಗುವುದಿಲ್ಲ. ಇದರಿಂದ ಏನು ಉಪಯೋಗ ಎಂದು ಮೊದಲು ಮನೆಯವರು ಕೇಳುತ್ತಾರೆ. ಆಮೇಲೆ ಉಪಯೋಗ ಮಾಡಿಕೊಳ್ಳುವವರೇ ಬಾಗಿಲಿಗೆ ಬರುತ್ತಾರೆ.

ಬಂದವರು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಬೋರ್ಡು ಹಾಕಿದ್ದರು. ಜಪಾನಿ ಭಾಷೆ, ಹಾಡು, ಕುಣಿತ. ಕಲಿತ ಹುಡುಗಿಯರಿಗೆ ಅಲ್ಲಿನ ದೊಡ್ಡ ಹೋಟೆಲುಗಳಲ್ಲಿ ಹಗಲು ಅತಿಥಿಗಳ ಕೆಲಸ, ಸಂಜೆ ವೇದಿಕೆ. ಇಸ್ತ್ರಿಯಕ್ಕ ರಜೆಯ ದಿನ ಮೆಟ್ಟಿಲು ಹತ್ತಿದಳು. ಒಂದು ಉದ್ದನೆಯ ಕೋಣೆ, ಗೋಡೆಗೆ ಕನ್ನಡಿ, ಮೂಲೆಯಲ್ಲಿ ಸ್ಪೀಕರು, ತಲೆಯ ಮೇಲೆ ಕರಕರ ಎನ್ನುವ ಫ್ಯಾನು. ಕೆಳಗಿನಿಂದ ಟೈರಿಗೆ ಗಾಳಿ ತುಂಬುವ ಬುಸ್ಸೆಂಬ ಸದ್ದು, ಚಕ್ರದ ತಗಡಿಗೆ ಸುತ್ತಿಗೆಯ ಏಟು. ಮ್ಯಾನೇಜರ್ ಎಂದು ಎಲ್ಲರೂ ಕರೆಯುತ್ತಿದ್ದ ಮನುಷ್ಯ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುತ್ತಿದ್ದ. ಅವನಿಗೆ ಬರುತ್ತಿದ್ದ ಜಪಾನಿ ಬಾಗಿಲಲ್ಲೇ ಮುಗಿಯುತ್ತಿತ್ತು, ನಮಸ್ಕಾರ ಮತ್ತು ದಯವಿಟ್ಟು.

ಇಸ್ತ್ರಿಯಕ್ಕ ತನ್ನ ಉರುಳೆಯ ಪಾಠ ಹಾಡಿ ತೋರಿಸಿದಳು. ಅವನ ಕಣ್ಣು ಅರಳಿತು.

"ಅಕ್ಕ, ನಿಮಗೆ ವಯಸ್ಸು ದಾಟಿದೆ, ಕಳಿಸೋಕಾಗಲ್ಲ. ಆದ್ರೆ ಹುಡುಗೀರಿಗೆ ಹೇಳ್ಕೊಡಿ. ನಿಮ್ಮಂಥೋರು ಸಿಗಲ್ಲ."

ನಿಮ್ಮಂಥವರು ಸಿಗುವುದಿಲ್ಲ ಎಂಬ ಮಾತನ್ನು ನೆಲಮಾಳಿಗೆಯವಳು ಅಲ್ಲಿಯತನಕ ಕೇಳಿರಲಿಲ್ಲ. ಸಂಜೆಯ ಹೊತ್ತು ಅವಳು ಅಲ್ಲಿ ಕಲಿಸತೊಡಗಿದಳು. ಹಾಡಿನ ನಡುವೆ ಅಭಿಮಾನಿಗಳು ಕೂಗು ಹಾಕುವ ಬಿಡುವು ಇರುತ್ತದಲ್ಲ, ಅದೇ ಬಿಡುವಿನಲ್ಲಿ ಪಾಠ. ಅವಳು 'ಕಾಎರು' ಎಂದರೆ, ಹಿಂತಿರುಗು ಎಂದರ್ಥ, ಹುಡುಗಿಯರೆಲ್ಲ ಒಂದೇ ಉಸಿರಿಗೆ 'ಕಾಎತ್ತೆ' ಎಂದು ಕೂಗಬೇಕು. ಕೆಲವೇ ವಾರಗಳಲ್ಲಿ ಅವರ ಬಾಯಿ ಮನಸ್ಸನ್ನು ಕೇಳದೆ ಉತ್ತರ ಕೊಡುವಷ್ಟು ಪಳಗಿತು. ಮ್ಯಾನೇಜರ್ ಅವಳ ದನಿಯನ್ನು ತಾಳದೊಂದಿಗೆ ರೆಕಾರ್ಡು ಮಾಡಿಕೊಂಡ. ಅವಳು ರಾತ್ರಿ ಪಾಳಿಗೆ ಹೋದ ದಿನ ಸ್ಪೀಕರೇ ಪಾಠ ಮಾಡುತ್ತಿತ್ತು.

ಅಲ್ಲಿಯೂ ಒಬ್ಬೊಬ್ಬಳಿಗೆ ಒಂದೊಂದು ಬಣ್ಣ. ಕೊರಳಿಗೆ ಬಣ್ಣದ ಸ್ಕಾರ್ಫು, ಅದೇ ಹೆಸರು. ಕೆಂಪು, ನೀಲಿ, ಹಸಿರು, ಹಳದಿ. "ಸ್ವಂತ ಹೆಸರು ಇಲ್ಲಿ ಬೇಡ. ಅಲ್ಲಿನ ಪದ್ಧತಿ ಇದೇ," ಎಂದ ಮ್ಯಾನೇಜರ್. ಫೋನು ಇಟ್ಟುಕೊಳ್ಳಬಾರದು, ಅಲ್ಲಿನ ಪದ್ಧತಿ. ಪ್ರೀತಿ ಗೀತಿ ಕೂಡದು, ಅಲ್ಲಿನ ಪದ್ಧತಿ. ಕಲಿಸುವ ರೂಪಗಳಿಗೂ ಕತ್ತರಿ ಬಿತ್ತು. ದಯವಿಟ್ಟು ಮಾಡಿ, ಮಾಡಲೇ, ಮಾಡಬಹುದೇ, ಮಾಡಲೇಬೇಕು, ಇವು ಸಾಕು. ಹಾಡುಗಳ ತುಂಬ 'ತಾಯ್' ಎಂದು ಮುಗಿಯುವ ಬಯಕೆಯ ರೂಪ ಬರುತ್ತದೆ: ನೋಡಬೇಕೆನಿಸಿದೆ, ಹೋಗಬೇಕೆನಿಸಿದೆ. ಆ ಸಾಲುಗಳನ್ನು ತೆಗೆದುಬಿಡಿ ಎಂದ.

"ಹಾಡೇ ಅದ್ರ ಮೇಲೆ ನಿಂತಿದೆಯಲ್ಲ ಸಾರ್," ಎಂದಳು ಇಸ್ತ್ರಿಯಕ್ಕ.

"ಕೆಲ್ಸಕ್ಕೆ ಹೋಗೋರಿಗೆ ಬೇಕು ಬೇಡ ಯಾಕಕ್ಕ."

ಅವಳು ತೆಗೆದಳು. ಸಿಟ್ಟು ಬರುವುದಾದರೆ ಬರಲಿ, ಆದರೆ ಅವಳ ಮೇಲೆ ಮಾತ್ರ ಬೇಡ. ದುಡಿಯುವವರಿಗೆ ಬೇಕು ಬೇಡ ಏಕೆ ಎಂಬುದನ್ನು ನಾವು ಜಪಾನಿಯಲ್ಲಿ ಕಲಿಯಬೇಕಿಲ್ಲ. ಅದನ್ನು ಆ ಮ್ಯಾನೇಜರನ ಬಾಯಿಗೆ ಹಾಕಿಕೊಟ್ಟವರು ನಮ್ಮ ನಿಮ್ಮ ಮನೆಯವರೇ.

ಕಲಿತವರಿಗೆ ಪದವಿ ಸಮಾರಂಭ. ಹಾರ, ಚಪ್ಪಾಳೆ, ಫೋಟೋ, ಬಾಗಿಲ ಮುಂದೆ ವ್ಯಾನು. ಸೋಮವಾರ ಅದೇ ಹಳದಿ ಸ್ಕಾರ್ಫು ಬೇರೆ ಕೊರಳಲ್ಲಿ. ಹೋದ ಹಳದಿಯ ಬಗ್ಗೆ ಕೇಳಿದರೆ, "ಹಳದಿ ಇಲ್ಲೇ ಇದಾಳಲ್ಲ" ಎಂದು ಆಫೀಸಿನ ಮೇಡಂ ಹೊಸಬಳ ಕೆನ್ನೆ ಹಿಂಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಇಸ್ತ್ರಿಯಕ್ಕನೂ.

ಹೊರಡುವ ಮುಂಚೆ 'ಧ್ವನಿ ಪತ್ರ'ದ ಅಭ್ಯಾಸ ಇರುತ್ತಿತ್ತು. ಅಲ್ಲಿನ ಹಾಡುಗಾರ್ತಿಯರು ಅಭಿಮಾನಿಗಳಿಗೆ ವಾರ ವಾರ ತಮ್ಮ ದನಿ ಕಳಿಸುತ್ತಾರಂತೆ. ನೀವೂ ಮನೆಯವರಿಗೆ ಕಳಿಸುವುದನ್ನು ರೂಢಿ ಮಾಡಿಕೊಳ್ಳಿ ಎಂದು ಮೈಕು ಕೊಡುತ್ತಿದ್ದರು. ಒಂದು ವಾಕ್ಯ ಜಪಾನಿಯಲ್ಲಿ, ಉಳಿದದ್ದು ಮನೆಯ ಮಾತಿನಲ್ಲಿ. ಬೆವರು ಸುರಿಸುತ್ತಾ ಫ್ಯಾನಿನಡಿ ನಿಂತ ಹುಡುಗಿಯರು, "ಅಮ್ಮಾ, ಇಲ್ಲಿ ಹಿಮ ಬೀಳ್ತಿದೆ" ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಸ್ತ್ರಿಯಕ್ಕ ಪಕ್ಕದಲ್ಲಿ ನಿಂತು ತಿದ್ದುತ್ತಿದ್ದಳು: ಮೆಲ್ಲಗೆ ಹೇಳು, ಚಳಿ ಆದವಳ ಹಾಗೆ ಹೇಳು, ಇನ್ನೊಂದು ಸಲ.

ಹೀಗೆ ವರ್ಷ ದಾಟುವಷ್ಟರಲ್ಲಿ ಮಿಡತೆಯೂ ಅಲ್ಲಿ ಸೇರಿಯಾಗಿತ್ತು. ಔಷಧಿ ಅಂಗಡಿಯ ಗಲ್ಲಾದ ಹಿಂದೆ ಕೂತು ಅವಳಿಗೆ ಸಾಕಾಗಿತ್ತು. ಮನೆಯಲ್ಲಿ ಅಕ್ಕನ ಹಾಡು ಕೇಳಿ ಕೇಳಿ ರೂಪಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಈ ಸಲದ ಹೊಸ ಹಳದಿ ಅವಳೇ. ಪಾಸ್‌ಪೋರ್ಟು ಆಫೀಸಿನ ಡ್ರಾಯರ್ ಸೇರಿತು. ಹೊರಡುವ ದಿನ ಗೊತ್ತಾಯಿತು. ಇಸ್ತ್ರಿಯಕ್ಕ ಹೋಟೆಲಿನಲ್ಲಿ ಯಾರೋ ಬಿಟ್ಟುಹೋದ ಸೂಟ್‌ಕೇಸಿಗೆ ಚಕ್ರ ಹಾಕಿಸಿ ತಂದಳು. ದಡ ಸೇರಲಿ ಎಂದಿದ್ದಳಲ್ಲ, ದಡ ಕಾಣುತ್ತಿತ್ತು.

ಹೊರಡಲು ಎರಡು ದಿನ ಉಳಿದಿದ್ದಾಗ, ಮಧ್ಯಾಹ್ನ, ಅವಳು ಮಹಡಿಯ ಮೆಟ್ಟಿಲ ಬಳಿ ಬಂದರೆ ಒಬ್ಬ ಹೆಂಗಸು ಕೂತಿದ್ದಳು. ದೂರದ ಊರಿನ ಶಾಲೆಯಲ್ಲಿ ಕಸ ಗುಡಿಸುವವಳು, ಬಸ್ಸಿನಲ್ಲಿ ಬಂದವಳು. ಮಡಿಲಲ್ಲಿ ಕೈಯಿಂದ ಹೆಣೆದ ಸ್ವೆಟರು.

"ಆಫೀಸು ತೆಗೆದಿಲ್ವಾ ತಾಯಿ? ಮಗಳಿಗೆ ಇದನ್ನ ಕಳಿಸ್ಬೇಕಿತ್ತು. ಅಲ್ಲಿ ಚಳಿಯಂತೆ."

"ಯಾವ ಬಣ್ಣ ನಿಮ್ಮ ಮಗಳು?"

"ಹಳದಿ ಅಂತಿದ್ರು. ಹೋಗಿ ವರ್ಷದ ಮೇಲಾಯ್ತು. ಭಾನುವಾರ ಭಾನುವಾರ ಫೋನಿಗೆ ಮಾತು ಬರುತ್ತೆ. ನಾವು ಹೇಳಿದ್ದು ಮಾತ್ರ ಅವಳಿಗೆ ಮುಟ್ಟಲ್ವಂತೆ, ಅಲ್ಲಿನ ಪದ್ಧತಿ. ಪರ್ವಾಗಿಲ್ಲ ಬಿಡಿ, ದನಿ ಕೇಳುತ್ತಲ್ಲ. ಕೇಳ್ತೀರಾ?"

ಅವಳು ಸೆರಗಿನ ಗಂಟಿನಿಂದ ಫೋನು ತೆಗೆದು ಇಸ್ತ್ರಿಯಕ್ಕನ ಕಿವಿಯ ಹತ್ತಿರ ಹಿಡಿದಳು. ಹುಡುಗಿಯ ದನಿ ಬಂತು. ಅಮ್ಮಾ ಚೆನ್ನಾಗಿದೀನಿ, ಊಟ ಆಯ್ತು, ಇಲ್ಲಿ ಹಿಮ ಬೀಳ್ತಿದೆ. ಹಿಂದೆಯೇ ಬುಸ್ಸೆಂದು ಗಾಳಿ, ತಗಡಿನ ಮೇಲೆ ಸುತ್ತಿಗೆಯ ಏಟು. ಕೊನೆಗೆ, ಕತ್ತರಿಸಲು ಮರೆತ ಚೂರಿನ ಹಾಗೆ, ಇನ್ನೊಂದು ಹೆಣ್ಣುದನಿ ಪಿಸುಗುಟ್ಟಿತು: "ನಗ್ತಾ ಹೇಳು ಪುಟ್ಟಾ."

"ಕೇಳಿದ್ರಾ ಕೊನೇದು?" ತಾಯಿಯ ಮುಖ ಬೆಳಗಿತು. "ಅಲ್ಲಿ ಯಾರೋ ನಮ್ಮ ಭಾಷೆಯವರು ಜೊತೆಗಿದಾರೆ. ಅದನ್ನ ಕೇಳಿದ ಮೇಲೇ ನನಗೆ ನಿದ್ದೆ ಬಂದದ್ದು. ಯಾವ ಪುಣ್ಯಾತ್ಗಿತ್ತಿಯೋ, ಅವಳ ಹೊಟ್ಟೆ ತಣ್ಣಗಿರ್ಲಿ."

ಇಸ್ತ್ರಿಯಕ್ಕ ಫೋನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಅದು ನಾನು," ಎಂದಳು.

"ನೀವೂ ಅಲ್ಲಿಗೆ ಹೋಗಿದ್ರಾ?"

"ಇಲ್ಲ ಅಮ್ಮ. ನಾನೆಲ್ಲೂ ಹೋಗಿಲ್ಲ. ಅವಳು ಇಲ್ಲಿದ್ದಾಗ ಹೇಳಿದ್ದು ಅದು. ಈ ಮೇಲಿನ ಕೋಣೇಲಿ. ಬೇಸಿಗೇಲಿ."

ತಾಯಿ ಅವಳ ಬಾಯಿಯನ್ನೇ ನೋಡಿದಳು. ಆಮೇಲೆ ಫೋನನ್ನು ಮತ್ತೆ ಹಚ್ಚಿದಳು. ಆಗಲೇ ಕೆಳಗೆ ಅಂಗಡಿಯವನು ಒಂದು ಚಕ್ರ ಬಿಚ್ಚಿ ಸುತ್ತಿಗೆಯಿಂದ ಬಡಿದ. ಫೋನಿನೊಳಗಿನ ಸದ್ದು, ಹೊರಗಿನ ಸದ್ದು, ಎರಡೂ ಒಂದೇ. ತಾಯಿ ಕಿರುಚಲಿಲ್ಲ. ಸ್ವೆಟರನ್ನು ಮಡಚಿದಳು, ಬಿಡಿಸಿದಳು, ಪುನಃ ಮಡಚಿದಳು.

"ಹಾಗಾದ್ರೆ ಈಗ ಅವಳು ಎಲ್ಲಿದಾಳೆ?" ಎಂದಳು, ಅಂಗಡಿಯಲ್ಲಿ ಬೆಲೆ ಕೇಳುವಷ್ಟು ಮೆಲ್ಲಗೆ.

ಆ ಪ್ರಶ್ನೆಗೆ ಇವತ್ತಿಗೂ ಉತ್ತರವಿಲ್ಲ.

ಇಬ್ಬರೂ ಪೊಲೀಸ್ ಠಾಣೆಗೆ ಹೋದರು. ದೂರು ಬರೆದುಕೊಳ್ಳುವವನು ಫೋನು ಕಿವಿಗಿಟ್ಟು ಪೂರ್ತಿ ಕೇಳಿದ, ಮುಖದಲ್ಲಿ ಸಂಗೀತ ಕೇಳಿದ ತೃಪ್ತಿ. "ಚೆನ್ನಾಗಿದೀನಿ ಅಂತಾಳಲ್ಲಮ್ಮ ನಿಮ್ಮ ಮಗಳು. ಚೆನ್ನಾಗಿದಾಳೆ ಅಂತ ದೂರು ಬರ್ಕೊಳ್ಲಾ?" ಎಂದ. ಪಕ್ಕದವನು ನಕ್ಕ. ಸುತ್ತಿಗೆಯ ಮಾತು ಎತ್ತಿದರೆ, "ಜಪಾನಲ್ಲಿ ಸುತ್ತಿಗೆ ಇಲ್ವಾ?" ಎಂದ. ಬೇಲಿಯೇ ಎದ್ದು ಹೊಲ ಮೇಯ್ದರೆ ಕನಿಷ್ಠ ಬೇಲಿಗೆ ಹಸಿವಿತ್ತು ಎನ್ನಬಹುದು. ಇಲ್ಲಿ ಬೇಲಿ ಹಸಿದಿರಲಿಲ್ಲ, ಬೇರೆಯವರು ಹೊಲ ಮೇಯುವುದನ್ನು ನೋಡುತ್ತಾ ಆಕಳಿಸುತ್ತಿತ್ತು, ಅಷ್ಟೇ.

ಇಸ್ತ್ರಿಯಕ್ಕ ಆ ತಾಯಿಯನ್ನು ಕರೆದುಕೊಂಡೇ ಮನೆಗೆ ಬಂದಳು. ಮಿಡತೆ ಸೂಟ್‌ಕೇಸಿನ ಮೇಲೆ ಕೂತು ಅದರ ಬಾಯಿ ಮುಚ್ಚಲು ನೋಡುತ್ತಿದ್ದಳು. ಅಪ್ಪ ಕಿಟಕಿಯ ಬಳಿ ಚಹಾ ಕುಡಿಯುತ್ತಿದ್ದ. ಅಕ್ಕ ಎಲ್ಲವನ್ನೂ ಹೇಳಿದಳು. ಫೋನು ಕೇಳಿಸಿದಳು.

ಮಿಡತೆ ಕೇಳಿದಳು, ಮುಖ ತಿರುಗಿಸಿದಳು. "ಹಳೇ ರೆಕಾರ್ಡು ಒಂದು ತಪ್ಪಿ ಹೋಗಿರ್ಬೇಕು. ಅದಕ್ಕೆ ಇಷ್ಟೆಲ್ಲಾನಾ?"

"ವರ್ಷದಿಂದ ಬರೀ ತಪ್ಪಿ ಹೋಗೋದೇ ಬರ್ತಿದೆಯಾ?"

"ನಿನ್ನ ಕರ್ಕೊಂಡು ಹೋಗ್ಲಿಲ್ಲ ಅಂತ ಹೊಟ್ಟೆಯುರಿ ನಿನಗೆ. ನಾನು ವಿಮಾನ ಹತ್ತೋದು ನೋಡೋಕಾಗ್ತಿಲ್ಲ."

ಅಕ್ಕನಿಗೆ ಕೆನ್ನೆಗೆ ಬಿದ್ದಂತಾಯಿತು. ಅದು ಪೂರ್ತಿ ಸುಳ್ಳೇನಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅವಳು ಒಂದನ್ನೇ ಕೇಳಿದಳು.

"ನಿನ್ನ ಧ್ವನಿ ಪತ್ರ ಆಯ್ತಾ?"

"ಮೊನ್ನೆ ಆಯ್ತು. ನೀನು ರಾತ್ರಿ ಪಾಳಿಗೆ ಹೋಗಿದ್ದೆಯಲ್ಲ, ಮೇಡಂ ಮಾಡಿಸಿದ್ರು."

"ಏನೇನು ಹೇಳಿಸಿದ್ರು?"

"ಎಲ್ರಿಗೂ ಹೇಳಿಸೋದೇ. ಹಿಮದ್ದು. ಹೊಸ ಬಟ್ಟೆ ತಗೊಂಡೆ ಅನ್ನೋದು. ಈ ಸಲ ಬರೋಕಾಗಲ್ಲ ಅನ್ನೋದು." ಮಿಡತೆಯ ಮಾತು ಸ್ವಲ್ಪ ನಿಧಾನವಾಯಿತು. "ಮುಂದಿನ ವರ್ಷಾನೂ ಬರೋಕಾಗಲ್ಲ ಅನ್ನೋದು. ಮತ್ತೆ... ಅಪ್ಪಂದು."

"ಅಪ್ಪಂದು ಏನು?"

ಮಿಡತೆ ಸೂಟ್‌ಕೇಸಿನ ಹಿಡಿಯನ್ನು ಮೇಲೆ ಕೆಳಗೆ ಆಡಿಸಿದಳು.

"ನಂದು ಏನಮ್ಮ?" ಎಂದ ಅಪ್ಪ, ಲೋಟ ಕೆಳಗಿಡದೆ.

"ಅಭ್ಯಾಸ ಅಪ್ಪ. ಎಲ್ಲಾ ಸಂದರ್ಭಕ್ಕೂ ಒಂದೊಂದು ಇರ್ಲಿ ಅಂದ್ರು. ನೀನು... ನಿನಗೇನಾದ್ರೂ ಆಗಿ, ನನಗೆ ಬರೋಕಾಗದೆ ಹೋದ್ರೆ ಹೇಳೋದು."

ಅಪ್ಪ ಮಗಳನ್ನು ನೋಡಿದ. ಲಿಫ್ಟಿನಲ್ಲಿ ಎಷ್ಟೋ ಜನರ ಎಷ್ಟೋ ಮಾತಿಗೆ ಮುಖ ಕದಲಿಸದೆ ಕೂತು ಅಭ್ಯಾಸವಾದ ಮನುಷ್ಯ.

"ನಾನು ಸತ್ತಿದ್ದಕ್ಕೆ ಅತ್ಯಾ?"

"ಮೊದಲು ಅಳು ಬರ್ಲಿಲ್ಲ," ಎಂದಳು ಮಿಡತೆ. "ಪುನಃ ಪುನಃ ಹೇಳಿಸಿದ್ರು. ಆಮೇಲೆ ಬಂತು."

"ಚೆನ್ನಾಗಿ ಬಂತಾ?"

"ಚೆನ್ನಾಗಿ ಬಂತು ಅಂದ್ರು."

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವಳಿಗೇ ಕೇಳಿಸಿತು. ಸೂಟ್‌ಕೇಸಿನ ಮೇಲಿಂದ ಎದ್ದಳು. ಅದರ ಬಾಯಿ ಮೆಲ್ಲಗೆ ತೆರೆದುಕೊಂಡಿತು. ಬಾಗಿಲ ಬಳಿ ಕೂತಿದ್ದ ಆ ತಾಯಿ ತನ್ನ ಫೋನನ್ನು ನೆಲದ ಮೇಲಿಟ್ಟು, ಅದರೊಳಗೆ ಇನ್ನೂ ಯಾವ ಯಾವ ಭಾನುವಾರಗಳು ಉಳಿದಿವೆಯೋ ಎಂಬಂತೆ ಅದನ್ನೇ ನೋಡುತ್ತಿದ್ದಳು.

ಮರುದಿನ ಸಂಜೆ ಅಕ್ಕತಂಗಿಯರು ಪಾಸ್‌ಪೋರ್ಟು ಕೇಳಲು ಹೋದರು. ತಾಯಿಯೂ ಜೊತೆಗೆ ಬಂದಳು. ದಾರಿಯುದ್ದಕ್ಕೂ ಇಸ್ತ್ರಿಯಕ್ಕ ಕೂಗಾಟಕ್ಕೆ ಸಿದ್ಧಳಾಗುತ್ತಿದ್ದಳು. ಕೊಡದಿದ್ದರೆ ಡ್ರಾಯರ್ ಒಡೆಯುವುದು, ಅಂಗಡಿಯವರನ್ನು ಕೂಗುವುದು. ಯಾವುದೂ ಬೇಕಾಗಲಿಲ್ಲ. ಮ್ಯಾನೇಜರ್ ನಗುನಗುತ್ತಾ ಡ್ರಾಯರ್ ಎಳೆದು ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟ.

"ತಗೊಳ್ಳಮ್ಮ. ಇಷ್ಟ ಇಲ್ಲದೋರನ್ನ ನಾವು ಯಾವತ್ತೂ ಕಳಿಸಿಲ್ಲ."

ಅವನು ಅಷ್ಟು ಸುಲಭವಾಗಿ ಕೊಟ್ಟದ್ದೇ ಇಸ್ತ್ರಿಯಕ್ಕನನ್ನು ಹೆದರಿಸಿತು. ಬಿಡಿಸಿಕೊಳ್ಳಲು ಬಂದದ್ದನ್ನು ಹಿಡಿದುಕೊಂಡೇ ಇರದವನ ಹತ್ತಿರ ಜಗಳವಾಡುವುದು ಹೇಗೆ?

"ಇವರ ಮಗಳೆಲ್ಲಿ?" ಎಂದಳು.

"ಜಪಾನಲ್ಲಿ. ಭಾನುವಾರ ಮಾತಾಡ್ತಾಳಲ್ಲ."

"ಅದು ಇಲ್ಲಿ ಮಾಡಿದ್ದು."

"ಇರ್ಬಹುದು. ಯಾರು ಮಾಡಿದ್ದು ಅಕ್ಕ?" ಅವನು ಕುರ್ಚಿಗೆ ಒರಗಿದ. "ನಾನು ಯಾವ ರೆಕಾರ್ಡಲ್ಲೂ ಇಲ್ಲ. ಮೇಡಂ ಇಲ್ಲ. ಹುಡುಕ್ತಾ ಬಂದೋರಿಗೆ ಒಂದೇ ದನಿ ಸಿಗುತ್ತೆ, 'ನಗ್ತಾ ಹೇಳು ಪುಟ್ಟಾ'. ಅವರು ಮೊದಲು ಯಾರ ಮನೆಗೆ ಹೋಗ್ತಾರೆ? ನೀವು ಒಳ್ಳೇವರು. ಮನೆಗೆ ಹೋಗಿ, ತಂಗಿಗೆ ಒಂದು ಒಳ್ಳೇ ಗಂಡು ನೋಡಿ."

ಪಕ್ಕದ ಕೋಣೆಯಿಂದ ಹುಡುಗಿಯರ ನಗು ಕೇಳುತ್ತಿತ್ತು. ಗೋಡೆಗೆ ಕಿವಿಯಿತ್ತೋ ಬಾಗಿಲಿಗೆ ಬಾಯಿಯಿತ್ತೋ, ಮಿಡತೆ ಹೋಗುತ್ತಿಲ್ಲವೆಂಬ ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಬಾಗಿಲು ತೆರೆದು ನೋಡಿದರೆ, ನಿನ್ನೆ ಮೊನ್ನೆ ಸೇರಿದ ಹುಡುಗಿಯೊಬ್ಬಳು ಕನ್ನಡಿಯ ಮುಂದೆ ನಿಂತು ಹಳದಿ ಸ್ಕಾರ್ಫಿಗೆ ಗಂಟು ಹಾಕುತ್ತಿದ್ದಳು. ಇನ್ನೂ ಸ್ವಂತ ಬಣ್ಣ ಸಿಗದೆ ಕೊರಗುತ್ತಿದ್ದವಳು. ಮುಖದಲ್ಲಿ ಸಂತೋಷ ಹಿಡಿಸುತ್ತಿರಲಿಲ್ಲ.

ಇಸ್ತ್ರಿಯಕ್ಕ ಕೋಣೆಯ ನಡುವೆ ನಿಂತಳು. "ಎಲ್ರೂ ಕೇಳಿ. ಹೋದ ಹುಡುಗೀರು ಯಾರೂ ಮನೆಗೆ ಮಾತಾಡ್ತಿಲ್ಲ. ಮನೆಗೆ ಹೋಗ್ತಿರೋದು ಇಲ್ಲಿ ಹೇಳಿಸಿದ ಮಾತು. ಅವರೆಲ್ಲಿದಾರೋ ಯಾರಿಗೂ ಗೊತ್ತಿಲ್ಲ. ಇವರು ಹಿಂದೆ ಹೋದ ಒಬ್ಬ ಹಳದಿಯ ಅಮ್ಮ. ಬೇಕಾದ್ರೆ ಇವರನ್ನ ಕೇಳಿ."

ಹಸಿರು ಸ್ಕಾರ್ಫಿನವಳು, ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದವಳು, ತಲೆಯೆತ್ತಿದಳು.

"ಅಕ್ಕ, ನಿಮ್ಮ ತಂಗಿ ಸರದಿ ಬಂದ ಮೇಲೆ ಗೊತ್ತಾಯ್ತಾ ನಿಮಗೆ?"

"ಹೌದು. ನಿನ್ನೆ ಗೊತ್ತಾಯ್ತು."

"ಅವಳ ಮುಂಚೆ ಹೋದೋರಿಗೆ ಯಾರೂ ಅಕ್ಕ ಇರ್ಲಿಲ್ವಾ?"

ಆ ಹುಡುಗಿಯ ಪ್ರಶ್ನೆ ಇಸ್ತ್ರಿಯಕ್ಕನೊಬ್ಬಳಿಗೆ ಅಲ್ಲ, ಇದನ್ನು ಓದುತ್ತಾ ಅಯ್ಯೋ ಪಾಪ ಎನ್ನುತ್ತಿರುವವರಿಗೂ ಸೇರಿದ್ದು. ನಮ್ಮ ತಂಗಿಯ ಸರದಿ ಬರುವ ತನಕ ನಮಗೆ ಹಾಡು ಮಾತ್ರ ಕೇಳುತ್ತದೆ.

ತಾಯಿ ಮುಂದೆ ಬಂದಳು. ತನ್ನ ಫೋನು ಹಚ್ಚಲು ಗುಂಡಿ ಹುಡುಕಿದಳು. ಅಷ್ಟರಲ್ಲಿ ಆಫೀಸಿನ ಕಡೆಯಿಂದ ಮ್ಯಾನೇಜರ್ ಮೆತ್ತಗೆ, "ಕ್ಲಾಸಿನ ಹೊತ್ತಾಯ್ತಲ್ಲ" ಎಂದ. ಮೂಲೆಯ ಸ್ಪೀಕರಿನಲ್ಲಿ ತಾಳ ಶುರುವಾಯಿತು.

ತಾಳದ ಹಿಂದೆ ಇಸ್ತ್ರಿಯಕ್ಕನ ದನಿ ಬಂತು. ಉತ್ಸಾಹದ ದನಿ, ನಿಮ್ಮಂಥವರು ಸಿಗುವುದಿಲ್ಲ ಎಂದು ಕೇಳಿಸಿಕೊಂಡ ಹೊಸದರದ್ದು. ಅದು 'ಮತ್ಸು' ಎಂದಿತು.

'ಮತ್ತೆ,' ಎಂದರು ಹುಡುಗಿಯರು. ಹೇಳಬೇಕೆಂದು ಹೇಳಿದ್ದಲ್ಲ. ಬಾಯಿ ತಾನಾಗಿ ಹೇಳಿತು.

"ಹೇಳ್ಬೇಡಿ," ಎಂದಳು ಇಸ್ತ್ರಿಯಕ್ಕ. ಅವಳ ಮಾತು ತಾಳದಡಿ ಮುಳುಗಿತು.

'ನೋಮು,' ಎಂದಳು ಸ್ಪೀಕರಿನೊಳಗಿನವಳು.

'ನೊಂದೆ,' ಎಂದರು. ಕೆಲವರು ಆಗಲೇ ಸಾಲಿನಲ್ಲಿ ತಮ್ಮ ಜಾಗಕ್ಕೆ ಸರಿದಿದ್ದರು. ಹೊಸ ಹಳದಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು, ಕಣ್ಣು ಕನ್ನಡಿಯ ಮೇಲೆ. ಇಸ್ತ್ರಿಯಕ್ಕ ಸ್ಪೀಕರಿನ ತಂತಿ ಹುಡುಕಿದಳು. ಅದು ಗೋಡೆಯೊಳಗೆ ಹೋಗಿತ್ತು. ಅವಳು ಕೂಗಿದಳು, ಸ್ಪೀಕರೂ ಕೂಗಿತು. ಇಬ್ಬರದೂ ಒಂದೇ ಗಂಟಲು. ಹುಡುಗಿಯರು ಯಾರನ್ನು ಕೇಳಬೇಕೆಂದು ಒಂದು ಗಳಿಗೆ ತಡವರಿಸಿ, ತಾಳವಿದ್ದವಳನ್ನು ಕೇಳಿದರು.

'ಕಾಎರು.'

'ಕಾಎತ್ತೆ.'

ಮಿಡತೆ ಮೆಟ್ಟಿಲ ಬಳಿಯಿಂದ, "ಅಕ್ಕಾ ಬಾ, ಹೋಗೋಣ ಬಾ" ಎಂದು ಕರೆಯುತ್ತಿದ್ದಳು, ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು. ಇಸ್ತ್ರಿಯಕ್ಕ ಹೋಗಲಿಲ್ಲ. ಒಬ್ಬೊಬ್ಬಳ ಮುಖದ ಮುಂದೆ ನಿಂತು ನೋಡುತ್ತಾ ಬಂದಳು, ಕೆಂಪು, ನೀಲಿ, ಹಳದಿ. ಎಲ್ಲ ಬಾಯಿಗಳೂ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುತ್ತಿದ್ದವು.

ಹಸಿರಿನವಳ ಬಾಯಿ ತೆರೆಯಲಿಲ್ಲ. ತುಟಿ ಕಚ್ಚಿ ಹಿಡಿದಿದ್ದಳು. ಗಂಟಲಿನಲ್ಲಿ ಉತ್ತರ ಏರಿ ಬರುತ್ತಿದ್ದದ್ದು, ಅವಳು ಅದನ್ನು ನುಂಗುತ್ತಿದ್ದದ್ದು ಕಾಣುತ್ತಿತ್ತು.

ಇಸ್ತ್ರಿಯಕ್ಕ ಅವಳ ಕೈ ಹಿಡಿದಳು.